‘ಮೂಲ’ ಯಾವುದು? ರಫ್ತು ಮಾದರಿಯ ಹಳೆಯ ವಾಹನಗಳು ಮತ್ತು ಗ್ರಂಥಸಂಪಾದನೆಯ ದಾರಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ. ಕೊನೆಯಲ್ಲಿ ಸಂವಾದದ ಭಾಗವನ್ನು ಸಂಕ್ಷೇಪವಾಗಿ ಕೊಡಲಾಗಿದೆ.)

ಕನ್ನಡ ಎಂ.ಎ. ಓದುವವರಿಗೆ ಹಳೇ ಕಾರು, ಹಳೇ ಮೋಟಾರ್ ಸೈಕಲ್ಲಿನ ವಿಷಯ ಯಾಕೆ ಬೇಕು ಅಂತ ಶೀರ್ಷಿಕೆ ನೋಡಿದವರಿಗೆ ಅನ್ನಿಸಿರಬಹುದು. ನಾವು ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಓದುವ ಪ್ರಶ್ನೆ, ಅಂದ್ರೆ ಮೂಲಪಾಠ ಯಾವುದು, ಆಮೇಲೆ ಸೇರಿದ್ದು ಯಾವುದು ಅನ್ನೋದು, ಈ ವಾಹನಗಳ ಲೋಕದಲ್ಲಿ ದಿನವೂ ಏಳುತ್ತಿದೆ. ಅಲ್ಲಿ ಅದಕ್ಕೆ ಈಗ ಕಾನೂನಿನ ತೂಕವೂ ಬಂದಿದೆ. ಆದ್ದರಿಂದ ಈ ವಿಷಯ ಆರಿಸಿಕೊಂಡೆ.

ಕಾನೂನಿನಿಂದಲೇ ಶುರು ಮಾಡ್ತೀನಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಮರುನೋಂದಣಿಗೆ 5,000 ರೂಪಾಯಿ. ಇದರಲ್ಲಿ ನಮಗೆ ಮುಖ್ಯವಾದ ಷರತ್ತು ಒಂದಿದೆ. ವಾಹನ ತನ್ನ ಮೂಲ ರೂಪದಲ್ಲಿ ಉಳಿದಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ಮೂಲ ರೂಪ ಅಂದ್ರೆ ಯಾವುದು? ಒಂದು ದೇಶದಲ್ಲಿ ವಿನ್ಯಾಸ ಮಾಡಿ ಇನ್ನೊಂದು ದೇಶದ ಮಾರುಕಟ್ಟೆಗೆಂದು ಕಟ್ಟಿದ ಗಾಡಿಗೆ ಮೂಲ ರೂಪ ಯಾವ ದೇಶದ್ದು? ನನ್ನ ವಾದ ಇಷ್ಟೇ: ರಫ್ತಿಗೆಂದು ಮಾಡಿದ ರೂಪ ತವರಿನ ರೂಪದ ಕೆಟ್ಟ ಪ್ರತಿ ಅಲ್ಲ, ಅದಕ್ಕೆ ತನ್ನದೇ ಮೂಲತನ ಇದೆ. ಇದನ್ನು ಮರೆತು ‘ಒರಿಜಿನಲ್ ಮಾಡ್ತೀವಿ’ ಅಂತ ಹೊರಟವರು ಇತಿಹಾಸವನ್ನೇ ಅಳಿಸುವ ಅಪಾಯ ಇದೆ.

1. ಒಂದು ಸ್ಪೋರ್ಟ್ಸ್ ಕಾರಿನ ಲೆಕ್ಕ

ಮೊದಲು ನಮ್ಮ ನೆಲದ್ದಲ್ಲದ ಒಂದು ಉದಾಹರಣೆ ತಗೊಳ್ತೀನಿ. ಅದರ ದಾಖಲೆ ಅಚ್ಚುಕಟ್ಟಾಗಿ ಉಳಿದಿರುವುದರಿಂದ ವಿಧಾನ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ತಯಾರಾದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಅದು. ಒಟ್ಟು ತಯಾರಾದದ್ದು 1,01,081. ಅದರಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಉಳಿದದ್ದು 5,869 ಮಾತ್ರ. ಅಂದ್ರೆ ನೂರರಲ್ಲಿ ಆರು ಕಾರೂ ತವರಲ್ಲಿ ಉಳಿಯಲಿಲ್ಲ. ಹೆಚ್ಚಿನ ಪಾಲು ಉತ್ತರ ಅಮೆರಿಕಕ್ಕೆ ಹೋಯಿತು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ವಿದೇಶಿ ವಿನಿಮಯ ಬೇಕಾಗಿತ್ತು, ಉಕ್ಕಿನ ಹಂಚಿಕೆಯೇ ರಫ್ತಿನ ಸಾಧನೆಯನ್ನು ನೋಡಿ ಆಗುತ್ತಿತ್ತು. ಆ ಕಾಲದಲ್ಲಿ ಬೆಳೆದ ರಫ್ತಿನ ದಾರಿಯಲ್ಲೇ ಎಂಜಿಎ ಹೋಯಿತು.

ಹೊರದೇಶಕ್ಕೆ ಹೋಗುವ ಕಾರಿನಲ್ಲಿ ಏನೇನು ಬದಲಾಗುತ್ತದೆ? ಸ್ಟೀರಿಂಗ್ ಎಡಕ್ಕೆ ಬರುತ್ತದೆ. ಯುರೋಪಿಗೆ ಹೋಗುವ ಕಾರಿನ ಸ್ಪೀಡೋಮೀಟರು ಕಿಲೋಮೀಟರಿನಲ್ಲಿ, ಅಮೆರಿಕಕ್ಕೆ ಹೋಗುವುದು ಮೈಲಿಯಲ್ಲಿ. ಅಮೆರಿಕಕ್ಕೆ ಸೀಲ್ಡ್ ಬೀಮ್ ಹೆಡ್‌ಲೈಟು ಬೇಕು. ಫ್ರಾನ್ಸಿಗೆ ಹಳದಿ ಬೆಳಕು ಬೇಕು, ಅಲ್ಲಿ 1936ರಿಂದ 1993ರವರೆಗೆ ಅದು ಕಾನೂನು. ಇದರ ಮೇಲೆ ಹೆಚ್ಚುವರಿ ಹಣಕ್ಕೆ ಕೊಡುವ ಸಾಮಾನುಗಳು: ಹೀಟರ್, ರೇಡಿಯೋ, ಫಾಗ್ ಲ್ಯಾಂಪ್, ಸ್ಪೋಕ್ ವೀಲ್. ಇವತ್ತಿನ ರಿಸ್ಟೋರೇಷನ್‌ನಲ್ಲಿ ಗೊಂದಲ ಎಬ್ಬಿಸುವುದು ಬಹುಪಾಲು ಈ ಪಟ್ಟಿಯೇ. ಸ್ಪೋಕ್ ವೀಲ್ ನೋಡೋಕೆ ಚೆಂದ. ಹಾಗಾಗಿ ಸಾದಾ ಚಕ್ರದ ಜೊತೆ ಹೊರಬಿದ್ದ ಎಷ್ಟೋ ಕಾರುಗಳಿಗೆ ಆಮೇಲೆ ಸ್ಪೋಕ್ ವೀಲ್ ಬಂದಿದೆ. ನಮ್ಮ ಪರಿಭಾಷೆಯಲ್ಲಿ ಇದು ಪ್ರಕ್ಷಿಪ್ತ. ಲಿಪಿಕಾರ ತನಗೆ ಇಷ್ಟವಾದ ಪದ್ಯವನ್ನು ಸೇರಿಸಿದ ಹಾಗೆ.

ಇದನ್ನು ಪತ್ತೆ ಮಾಡೋದಕ್ಕೆ ಎರಡು ದಾರಿ. ಒಂದು, ಚಾಸಿಸ್ ನಂಬರು. 1955ರಿಂದ 1959ರವರೆಗಿನ ಎಂಜಿಎ 1500 ಕಾರಿನ ನಂಬರು ‘ಎಚ್‌ಡಿ’ ಅಂತ ಶುರುವಾಗಿ ಇನ್ನೊಂದು ಅಕ್ಷರ, ಆಮೇಲೆ ಎರಡು ಅಂಕೆ ಬರುತ್ತದೆ. ಅದರ ನಾಲ್ಕನೆಯ ಸ್ಥಾನದ ಅಂಕೆ ಮಾರುಕಟ್ಟೆಯನ್ನು ಹೇಳುತ್ತದೆ. 1 ಇದ್ದರೆ ತವರಿನ ಬಲಗೈ ಸ್ಟೀರಿಂಗ್, 2 ಇದ್ದರೆ ರಫ್ತಿನ ಬಲಗೈ ಸ್ಟೀರಿಂಗ್, 3 ಇದ್ದರೆ ಎಡಗೈ ಸ್ಟೀರಿಂಗ್, 4 ಇದ್ದರೆ ಉತ್ತರ ಅಮೆರಿಕ, 5 ಮತ್ತು 6 ಇದ್ದರೆ ಬಿಡಿಭಾಗಗಳಾಗಿ ಕಳಿಸಿ ಹೊರದೇಶದಲ್ಲಿ ಜೋಡಿಸಿದ್ದು. ಎರಡನೆಯದು ಕಾರ್ಖಾನೆಯ ಉತ್ಪಾದನಾ ಲೆಡ್ಜರು. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಈ ಲೆಡ್ಜರುಗಳನ್ನು ಕಾಪಾಡಿಕೊಂಡಿದೆ. ನಂಬರು ಕೊಟ್ಟು ಕೇಳಿದರೆ ತಯಾರಾದ ದಿನ, ಬಣ್ಣ, ಎಂಜಿನ್ ನಂಬರು, ಹೋದ ಜಾಗ, ಕಾರ್ಖಾನೆಯಲ್ಲೇ ಹಾಕಿದ ಹೆಚ್ಚುವರಿ ಸಾಮಾನು ಇವಿಷ್ಟನ್ನೂ ಬರೆದ ಪ್ರಮಾಣಪತ್ರ ಕೊಡುತ್ತಾರೆ.

ಇಲ್ಲಿ ಗಮನಿಸಬೇಕಾದ್ದು: ನೂರಕ್ಕೆ ತೊಂಬತ್ನಾಲ್ಕು ಎಂಜಿಎಗಳಿಗೆ ರಫ್ತಿನ ಜೋಡಣೆಯೇ ಮೂಲ. ಅಮೆರಿಕಕ್ಕೆ ಹೋದ ಕಾರನ್ನು ಇಂಗ್ಲೆಂಡಿಗೆ ವಾಪಸ್ ತಂದು, ಸ್ಟೀರಿಂಗನ್ನು ಬಲಕ್ಕೆ ಹಾಕಿ, ಇದು ಮೂಲ ರೂಪ ಅಂದರೆ ಲೆಡ್ಜರು ಒಪ್ಪೋದಿಲ್ಲ.

2. ಸಾಕ್ಷ್ಯಗಳ ತರತಮ

ಎಲ್ಲಾ ಗಾಡಿಗೂ ಲೆಡ್ಜರಿನ ಭಾಗ್ಯ ಇರಲ್ಲ. ಕವಿಯ ಕೈಬರಹದ ಪ್ರತಿ ನಮಗೆ ಸಿಗದ ಹಾಗೆಯೇ. ಆಗ ಉಳಿದ ಸಾಕ್ಷ್ಯಗಳನ್ನು ತೂಗಿ ನೋಡಬೇಕು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’, ಎಂ.ಎಂ. ಕಲಬುರ್ಗಿ ಅವರ ಗ್ರಂಥಸಂಪಾದನಶಾಸ್ತ್ರ ಓದಿದವರಿಗೆ ಈ ತೂಗುವ ಕೆಲಸ ಹೊಸದಲ್ಲ. ಅದನ್ನೇ ಇಲ್ಲಿಗೆ ಹೊಂದಿಸಿ ನಾಲ್ಕು ಮಾತು ಹೇಳ್ತೀನಿ.

ಒಂದು, ಸಂಖ್ಯಾಬಲ ಸಾಕಾಗಲ್ಲ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳ ಸಾಕ್ಷ್ಯ ಒಂದೇ ಸಾಕ್ಷ್ಯ. ಹಾಗೇ, ಒಂದೇ ಜಾಹೀರಾತಿನ ಚಿತ್ರ ನೋಡಿಕೊಂಡು ರಿಸ್ಟೋರ್ ಮಾಡಿದ ಹತ್ತು ಗಾಡಿಗಳು ಒಂದೇ ತರ ಇದ್ದರೆ ಅದರಿಂದ ಏನೂ ಸಾಬೀತಾಗಲ್ಲ.

ಎರಡು, ಮುದ್ರಿತ ಕಾಗದಗಳಲ್ಲೂ ಮೇಲುಕೀಳಿದೆ. ಬಿಡಿಭಾಗಗಳ ಕ್ಯಾಟಲಾಗು ಹೆಚ್ಚು ನಂಬಿಕಸ್ತ, ಯಾಕಂದ್ರೆ ಸಾಮಾನು ಬದಲಾದಾಗ ಯಾವ ನಂಬರಿನ ಗಾಡಿಯಿಂದ ಬದಲಾಯಿತು ಅಂತ ಅದರಲ್ಲಿ ಬರೆಯುತ್ತಾರೆ. ಮಾಲೀಕರ ಕೈಪಿಡಿ ಅದರ ನಂತರ. ಜಾಹೀರಾತಿನ ಹಾಳೆ ಕೊನೆಗೆ, ಅದರ ಉದ್ದೇಶ ಮಾರಾಟ.

ಮೂರು, ಅಂಕಿತವನ್ನು ಕಣ್ಣುಮುಚ್ಚಿ ನಂಬಬಾರದು. ವಚನದ ಕೊನೆಯಲ್ಲಿ ‘ಕೂಡಲಸಂಗಮದೇವ’ ಅಂತ ಇದ್ದ ಮಾತ್ರಕ್ಕೆ ಅದು ಬಸವಣ್ಣನವರದ್ದೇ ಅಂತ ಹೇಳೋಕಾಗಲ್ಲ. ಖೋಟಾ ವಚನಗಳ ಚರ್ಚೆ ನಮಗೆ ಗೊತ್ತಿರೋದೇ. ಗಾಡಿಯ ನಂಬರ್ ತಗಡನ್ನೂ ಬಿಚ್ಚಿ ಬೇರೆ ಗಾಡಿಗೆ ಬಡಿಯಬಹುದು, ಎಂಜಿನ್ ಮೇಲಿನ ನಂಬರನ್ನು ಉಜ್ಜಿ ಬೇರೆ ಒತ್ತಬಹುದು. ಅಂಕಿತ ಒಂದು ಸಾಕ್ಷಿ, ತೀರ್ಪಲ್ಲ.

ನಾಲ್ಕು, ಕ್ಲಿಷ್ಟಪಾಠದ ಸೂತ್ರ. ಸುಲಭವಾದ ಪಾಠವನ್ನು ಯಾರಾದರೂ ಕಷ್ಟ ಮಾಡುವುದು ಅಪರೂಪ. ಕಷ್ಟದ್ದನ್ನು ಸುಲಭ ಮಾಡುವವರೇ ಹೆಚ್ಚು. ಗಾಡಿಯಲ್ಲಿ ಯಾರೂ ಆಸೆಪಟ್ಟು ಸೇರಿಸದಂಥ ಒಂದು ವಿಚಿತ್ರ ಸಾಮಾನು, ಅರ್ಥವಾಗದ ಬ್ರಾಕೆಟ್ಟು, ಕೆಲಸವಿಲ್ಲದ ತೂತು ಕಂಡರೆ ಅದನ್ನು ಮುಚ್ಚುವ ಮೊದಲು ಎರಡು ಸಲ ಯೋಚಿಸಬೇಕು. ಬಣ್ಣದ ಪದರ ಇಲ್ಲಿ ಸಹಾಯಕ್ಕೆ ಬರುತ್ತದೆ. ತೂತಿನ ಒಳಅಂಚಿನಲ್ಲೂ ಮೊದಲ ಬಣ್ಣ ಹತ್ತಿದ್ದರೆ ಅದು ಬಣ್ಣ ಹೊಡೆಯುವ ಮೊದಲೇ, ಅಂದ್ರೆ ಕಾರ್ಖಾನೆಯಲ್ಲೇ ಕೊರೆದದ್ದು. ಬಣ್ಣ ಒಡೆದು ಬರಿ ತಗಡು ಕಾಣುತ್ತಿದ್ದರೆ ಆಮೇಲೆ ಕೊರೆದದ್ದು.

3. ಮೈಸೂರಿನ ಜಾವಾ

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ರಫ್ತು ಮಾದರಿಯ ಪ್ರಶ್ನೆ ಅತಿ ಹೆಚ್ಚು ಮನೆಗಳನ್ನು ಮುಟ್ಟಿರೋದು ಕಾರಿನಿಂದ ಅಲ್ಲ, ಜಾವಾ ಮೋಟಾರ್ ಸೈಕಲ್ಲಿನಿಂದ ಅಂತ ನನ್ನ ಅಭಿಪ್ರಾಯ.

ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಸ್ಥಾಪಕ ಫ್ರಾಂಟಿಶೆಕ್ ಯಾನೆಚೆಕ್ ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿ ಈ ಹೆಸರಿಟ್ಟ. ಯುದ್ಧದ ನಂತರ ಚೆಕೊಸ್ಲೊವಾಕಿಯಾದ ಕಾರ್ಖಾನೆಗಳು ರಾಷ್ಟ್ರೀಕರಣವಾದವು, ರಫ್ತನ್ನು ಮೋಟೊಕೊವ್ ಎಂಬ ಸರ್ಕಾರಿ ವ್ಯಾಪಾರ ಸಂಸ್ಥೆ ನೋಡಿಕೊಂಡಿತು. ಭಾರತಕ್ಕೆ ಮೊದಲು ಗಾಡಿಗಳು ಆಮದಾಗಿ ಬರುತ್ತಿದ್ದವು. ಆಮೇಲೆ ಇರಾನಿ ಕುಟುಂಬದ ರುಸ್ತುಂ ಮತ್ತು ಫರೂಕ್ ಇರಾನಿ ಅವರು ಐಡಿಯಲ್ ಜಾವಾ ಕಂಪನಿ ಕಟ್ಟಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಹಾಕಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಗಾಡಿಗೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಉತ್ಪಾದನೆ ನಿಂತಿತು. ಈ ನಡುವೆ ಮೈಸೂರಿನಿಂದ ಹೊರದೇಶಗಳಿಗೂ ಗಾಡಿಗಳು ಹೋದವು. ರಫ್ತನ್ನು ಪಡೆಯುವ ಊರಾಗಿದ್ದ ಮೈಸೂರು ರಫ್ತು ಮಾಡುವ ಊರಾಯಿತು.

ಮೊದಲ ಕಾಲದ ಮೈಸೂರು ಜಾವಾ 250ರ ತಳಪಾಯ ಚೆಕ್ ಜಾವಾ 353 ಮಾದರಿ. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರನ್ನೇ ತಿರುಗಿಸಿದರೆ ಗೇರ್ ಲಿವರು. ಗೇರ್ ಒತ್ತಿದಾಗ ಕ್ಲಚ್ಚು ತಾನಾಗೇ ಬಿಡುತ್ತದೆ. ಹೆಡ್‌ಲೈಟಿನ ಗೂಡಿನಲ್ಲೇ ಸ್ಪೀಡೋಮೀಟರು. ಚೆಕ್ ಗಾಡಿಯಲ್ಲಿ ವಿದ್ಯುತ್ ಸಾಮಾನಿನ ಮೇಲೆ ‘ಪಾಲ್’ ಅನ್ನೋ ಗುರುತು, ಕಾರ್ಬೊರೇಟರಿನ ಮೇಲೆ ‘ಯಿಕೊವ್’ ಅನ್ನೋ ಗುರುತು.

ಇಂಥ ಲೈಸೆನ್ಸಿನ ಕಾರ್ಖಾನೆ ನಡೆಯುವ ರೀತಿ ಹೀಗೆ: ಶುರುವಿನಲ್ಲಿ ಬಹುಪಾಲು ಸಾಮಾನು ಹೊರಗಿಂದ ಬರುತ್ತದೆ, ಇಲ್ಲಿ ಜೋಡಣೆ ನಡೆಯುತ್ತದೆ. ಆಮೇಲೆ ವಿದೇಶಿ ವಿನಿಮಯ ಉಳಿಸಬೇಕು ಅನ್ನೋ ಸರ್ಕಾರದ ಒತ್ತಾಯಕ್ಕೆ ಒಂದೊಂದಾಗಿ ಇಲ್ಲೇ ಮಾಡೋಕೆ ತೊಡಗುತ್ತಾರೆ. ಹಾಗಾಗಿ ಅರವತ್ತರ ದಶಕದ ಮೊದಲ ಭಾಗದ ಒಂದು ಗಾಡಿಯಲ್ಲಿ ಚೆಕ್ ಮುದ್ರೆಯ ಸಾಮಾನಿನ ಪಕ್ಕದಲ್ಲೇ ಭಾರತದ ಮುದ್ರೆಯ ಸಾಮಾನು ಕಂಡರೆ ಅದು ಕಲಬೆರಕೆ ಅಂತ ಅಂದುಕೊಳ್ಳಬಾರದು. ಆ ಬೆರಕೆಯೇ ಆ ಗಾಡಿಯ ಮೂಲ ಇರಬಹುದು.

ಈಗ ಏನಾಗುತ್ತಿದೆ ನೋಡಿ. ಚೆಕ್ ದೇಶದಲ್ಲಿ ಹಳೇ ಜಾವಾಕ್ಕೆ ಹೊಸದಾಗಿ ಮಾಡಿದ ಬಿಡಿಭಾಗಗಳು ಇವತ್ತೂ ಮಾರಾಟಕ್ಕಿವೆ. ದುಡ್ಡಿರುವವರು ತರಿಸಿಕೊಂಡು, ಮೈಸೂರಿನಲ್ಲಿ ಹಾಕಿದ ಭಾರತದ ಸಾಮಾನನ್ನು ಬಿಚ್ಚಿ, ಚೆಕ್ ಸಾಮಾನು ಹಾಕಿ, ಈಗ ಗಾಡಿ ಪೂರ್ತಿ ಒರಿಜಿನಲ್ ಅಂತಾರೆ. ಹೀಗೆ ತಯಾರಾದ ಗಾಡಿ 1962ರ ಪ್ರಾಗ್‌ನಲ್ಲೂ ಇರಲಿಲ್ಲ, 1962ರ ಮೈಸೂರಲ್ಲೂ ಇರಲಿಲ್ಲ. ಎರಡು ಪರಂಪರೆಯ ಪ್ರತಿಗಳಿಂದ ಚೆಂದ ಕಂಡ ಪಾಠಗಳನ್ನೆಲ್ಲ ಎತ್ತಿ ಒಂದೇ ಕಾವ್ಯ ಮಾಡಿದರೆ ಸಿಗುವಂಥ ಮಿಶ್ರಪಾಠ ಅದು. ಯಾವ ಕವಿಯೂ ಬರೆಯದ್ದು, ಯಾವ ಓದುಗನೂ ಓದದ್ದು.

4. ಸೀರೆ ಗಾರ್ಡಿನ ಸಾಕ್ಷಿ

ಈ ವಿಷಯದಲ್ಲಿ ಅತ್ಯಂತ ಅವಮಾನಕ್ಕೆ ಒಳಗಾಗಿರುವ ಸಾಮಾನು ಸೀರೆ ಗಾರ್ಡು. ನಮ್ಮಲ್ಲಿ ಹೆಂಗಸರು ಸೀರೆ ಉಟ್ಟು ಎರಡೂ ಕಾಲನ್ನು ಎಡಕ್ಕೆ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತು ಹೋಗುವವರು. ಸೆರಗು ಚಕ್ರಕ್ಕೆ ಸಿಕ್ಕಿದರೆ ಪ್ರಾಣಾಪಾಯ. ಅದಕ್ಕೇ ಎಡಗಡೆ ಆ ಕಂಬಿಯ ತಡೆ, ಅದರ ಕೆಳಗೆ ಕಾಲಿಡೋಕೆ ಜಾಗ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇದನ್ನು ಕಡ್ಡಾಯ ಮಾಡಿದೆ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮುಚ್ಚುವ ರಕ್ಷಣೆ ಇರಬೇಕು. ಇದೇ ರೀತಿ ಸೈಡ್‌ಕಾರಿನ ವಿಷಯ. ಚೆಕ್ ದೇಶದಲ್ಲಿ ರಸ್ತೆಯ ಬಲಕ್ಕೆ ಹೋಗುವುದರಿಂದ ಅಲ್ಲಿನ ವೆಲೊರೆಕ್ಸ್ ಸೈಡ್‌ಕಾರು ಗಾಡಿಯ ಬಲಕ್ಕೆ. ನಮ್ಮಲ್ಲಿ ಎಡಕ್ಕೆ.

ರಿಸ್ಟೋರ್ ಮಾಡುವವರು ಮೊದಲು ಬಿಚ್ಚಿ ಬಿಸಾಡೋದು ಈ ಸೀರೆ ಗಾರ್ಡನ್ನೇ. ಪ್ರಾಗ್‌ನ ಚಿತ್ರದಲ್ಲಿ ಅದು ಇಲ್ಲವಲ್ಲ! ಇಲ್ಲಿ ಸಂಪಾದಕರ ತಾಳ್ಮೆ ಬೇಕು. ಅದು ಕಾರ್ಖಾನೆಯಲ್ಲಿ ಹಾಕಿದ್ದೋ, ಮಾರುವಾಗ ಡೀಲರ್ ಹಾಕಿದ್ದೋ, ಮದುವೆಯಾದ ಮೇಲೆ ಮಾಲೀಕ ಹಾಕಿಸಿದ್ದೋ ಅಂತ ಒಂದೊಂದು ಗಾಡಿಯಲ್ಲೂ ಪ್ರತ್ಯೇಕವಾಗಿ ನೋಡಬೇಕು. ತೂತಿನ ಅಂಚಿನ ಬಣ್ಣ, ಬ್ರಾಕೆಟ್ಟಿನ ಬೆಸುಗೆ, ಕ್ಯಾಟಲಾಗಿನ ಹಾಳೆ, ಮನೆಯ ಹಳೇ ಫೋಟೋ ಇವನ್ನೆಲ್ಲ ಒಟ್ಟಿಗೆ ಇಟ್ಟು ತೀರ್ಮಾನಿಸಬೇಕು. ಕಾರ್ಖಾನೆಯದ್ದಾದರೆ ಅದು ಮೂಲಪಾಠ. ಡೀಲರನದ್ದಾದರೆ ಸಮಕಾಲೀನ ಪಾಠ. ಮಾಲೀಕನದ್ದಾದರೆ ಪ್ರಕ್ಷಿಪ್ತ, ಆದರೆ ಚರಿತ್ರೆಗೆ ಬೇಕಾದ ಪ್ರಕ್ಷಿಪ್ತ. ಆ ಗಾಡಿಯ ಹಿಂದೆ ಯಾರು ಕೂರುತ್ತಿದ್ದರು ಅಂತ ಹೇಳುವ ಸಾಕ್ಷಿ ಗಾಡಿಯಲ್ಲಿ ಇರೋದು ಅದೊಂದೇ. ಅದನ್ನು ಬಿಚ್ಚಿದರೆ ಗಂಡಸಿನ ಸವಾರಿ ಮಾತ್ರ ಚರಿತ್ರೆಯಲ್ಲಿ ಉಳಿಯುತ್ತದೆ.

5. ನಾಲ್ಕು ಶೂನ್ಯಸಂಪಾದನೆಗಳು

ಒಂದಕ್ಕಿಂತ ಹೆಚ್ಚು ಮೂಲ ಇರೋಕೆ ಸಾಧ್ಯವಾ ಅಂತ ಕೇಳಿದರೆ, ನಮ್ಮ ಸಾಹಿತ್ಯದಲ್ಲೇ ಉತ್ತರ ಇದೆ. ಶೂನ್ಯಸಂಪಾದನೆ ನಾಲ್ಕಿವೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣಾರ್ಯ. ನಂತರದವರು ಸೇರಿಸಿದರು, ತಿದ್ದಿದರು, ಕ್ರಮ ಬದಲಿಸಿದರು. ಹಾಗಂತ ಎರಡನೆಯದನ್ನು ಮೊದಲನೆಯದರ ಕೆಟ್ಟ ಪ್ರತಿ ಅಂತ ಯಾರೂ ಸಂಪಾದಿಸಲ್ಲ. ಪ್ರತಿಯೊಂದಕ್ಕೂ ಅದರದೇ ಕಾಲ, ಅದರದೇ ಅಗತ್ಯ, ಅದರದೇ ಸಂಪಾದಕ. ಗೂಳೂರು ಪರಿಷ್ಕರಣದ ಪ್ರತಿಗಳನ್ನು ಮಹಾದೇವಯ್ಯನ ಪಾಠಕ್ಕೆ ತಿದ್ದಿದರೆ ಎರಡೂ ಕೆಡುತ್ತವೆ.

ಲಿಪಿಕಾರನ ಕೈತಪ್ಪು ಬೇರೆ, ಉದ್ದೇಶಪೂರ್ವಕ ಪರಿಷ್ಕರಣ ಬೇರೆ. ರಫ್ತು ಮಾದರಿ ಪರಿಷ್ಕರಣ. ಎಂಜಿಎ ಕಾರಿನ ನಾಲ್ಕನೇ ಅಂಕೆ, ಮೈಸೂರು ಜಾವಾದ ಭಾರತದ ಮುದ್ರೆ ಇವೆರಡೂ ಯಾರಿಗೆಂದು ಕಟ್ಟಿದ ಪರಿಷ್ಕರಣ ಅಂತ ಹೇಳುವ ಗುರುತುಗಳು.

6. ಅಗಳಿಯ ಕಡೆಯಿಂದ ನೋಡಿದಾಗ

ಈ ಪ್ರಶ್ನೆ ನನಗೆ ತಾಗಿದ್ದಕ್ಕೆ ನಮ್ಮ ಊರಿನ ಕಾರಣವೂ ಇದೆ. ಅಗಳಿ ಮಡಕಶಿರಾದ ಸೀಮೆ. ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಪಕ್ಕಕ್ಕೇ ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ. ಅಮರಾಪುರದ ಹತ್ತಿರ ಹೇಮಾವತಿ, ನೊಳಂಬರ ಹೆಂಜೇರು, ಕನ್ನಡ ಶಾಸನಗಳ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಗಡಿಯಾಚೆ ಕೊಂಡ ಗಾಡಿಯ ನಂಬರು ಮೈಸೂರು ರಾಜ್ಯದ ಹಳೆಯ ‘ಎಂವೈ’ ಅಕ್ಷರದ್ದು, ಅದು ಓಡಾಡಿದ್ದು ಆಂಧ್ರದ ಹಳ್ಳಿಯಲ್ಲಿ. ಇಂಥ ಗಾಡಿಯ ಕಾಗದಗಳನ್ನು ಓದೋದು ಎರಡು ಲಿಪಿಯ ಪ್ರತಿ ಓದಿದ ಹಾಗೆ.

ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ‘ಒರಿಜಿನಲ್’ ಅನ್ನೋ ಪದದ ಬಳಕೆಯೂ ಕುತೂಹಲದ್ದು. ಅಲ್ಲಿ ಒರಿಜಿನಲ್ಲಿಗೆ ಎದುರು ಪದ ‘ಲೋಕಲ್’ ಅಥವಾ ‘ಡೂಪ್ಲಿಕೇಟ್’. ಒರಿಜಿನಲ್ ಅಂದ್ರೆ ಕಂಪ್ನಿ ಸಾಮಾನು, ಬಾಳಿಕೆ ಬರೋದು. ಕಾಲದ ಪ್ರಶ್ನೆ, ದೇಶದ ಪ್ರಶ್ನೆ ಅಲ್ಲಿಲ್ಲ. ಸಂಗ್ರಾಹಕರಿಗೆ ಒರಿಜಿನಲ್ ಅಂದ್ರೆ ಮೊದಲ ದಿನದ ರೂಪ. ಕಾನೂನಿಗೆ ಮಾರ್ಪಾಡಾಗದ ರೂಪ. ಒಂದೇ ಪದಕ್ಕೆ ಮೂರು ಅರ್ಥ. ಜಗಳ ಅರ್ಧ ಇಲ್ಲೇ ಹುಟ್ಟುತ್ತದೆ.

ನಮ್ಮ ಕನ್ನಡದ ಬಗ್ಗೆಯೂ ಇದೇ ಮಾತು ಬರುತ್ತದೆ. ಆಂಧ್ರದ ಕನ್ನಡ ಮಾಧ್ಯಮ ಶಾಲೆಗಳಿಗೆ ಅಲ್ಲಿನ ಸರ್ಕಾರವೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅದರಲ್ಲಿ ಓದಿದವರ ಕನ್ನಡದಲ್ಲಿ ತೆಲುಗಿನ ಪದ ಬಂದರೆ ‘ಶುದ್ಧ ಅಲ್ಲ’ ಅನ್ನುವವರಿದ್ದಾರೆ. ಪದ ಬಿಚ್ಚಿ ಬೇರೆ ಪದ ಹಾಕಿ ಬೆಂಗಳೂರಿನ ಕನ್ನಡಕ್ಕೆ ತಿದ್ದಬಹುದು. ಆದರೆ ಹಾಗೆ ತಿದ್ದಿದ ಕನ್ನಡವನ್ನು ಅಗಳಿಯಲ್ಲಿ ಯಾರೂ ಯಾವತ್ತೂ ಆಡಿಲ್ಲ. ಭಾಷೆ ಗಾಡಿಯಲ್ಲ, ನಿಜ. ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸ್ತೀನಿ. ಗಡಿಯ ರೂಪವನ್ನು ತಪ್ಪಿನ ಪಟ್ಟಿಯಾಗಿ ನೋಡೋ ಅಭ್ಯಾಸ ಮಾತ್ರ ಎರಡು ಕಡೆಯೂ ಒಂದೇ.

ಸಂವಾದ

ಪ್ರಶ್ನೆ (ಸಹಪಾಠಿ): ಗ್ರಂಥಸಂಪಾದಕ ಓಲೆಗರಿಯನ್ನು ಮುಟ್ಟೋದಿಲ್ಲ, ಬೇರೆ ಪುಸ್ತಕ ಮಾಡುತ್ತಾನೆ. ರಿಸ್ಟೋರ್ ಮಾಡುವವರು ವಸ್ತುವನ್ನೇ ಬದಲಾಯಿಸುತ್ತಾರಲ್ಲ?

ಉತ್ತರ: ಹೌದು, ಇದು ಹೋಲಿಕೆಯ ದೊಡ್ಡ ಮಿತಿ. ಅದಕ್ಕೇ ಅಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನಾವು ತಿರಸ್ಕರಿಸಿದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡ್ತೀವಿ. ಅವರು ಬಿಚ್ಚಿದ ಸಾಮಾನಿಗೆ ಚೀಟಿ ಕಟ್ಟಿ ಇಡಬೇಕು, ಬಿಚ್ಚುವ ಮೊದಲು ಫೋಟೋ ತೆಗೆಯಬೇಕು, ಹಳೇ ಬಣ್ಣದ ಒಂದು ತುಣುಕು ಜಾಗವನ್ನಾದರೂ ಉಜ್ಜದೆ ಬಿಡಬೇಕು.

ಪ್ರಶ್ನೆ (ಅಧ್ಯಾಪಕರು): ಎಲ್ಲಾ ರೂಪವೂ ಮೂಲವೇ ಅಂದರೆ ತಪ್ಪು ಅನ್ನೋದೇ ಇರಲ್ಲ ಅಲ್ಲವೇ?

ಉತ್ತರ: ಇರುತ್ತದೆ ಸರ್. ಯಾವ ಕಾಲದಲ್ಲೂ ಯಾವ ಊರಲ್ಲೂ ಒಟ್ಟಿಗೆ ಇರದಿದ್ದ ಸಾಮಾನುಗಳನ್ನು ಒಟ್ಟಿಗೆ ಸೇರಿಸಿ ಮೂಲ ಅನ್ನೋದು ತಪ್ಪು. ರೂಪ ಎಷ್ಟೇ ಇರಲಿ, ಪ್ರತಿಯೊಂದಕ್ಕೂ ಒಂದು ತಾರೀಖು, ಒಂದು ಜಾಗ, ಒಂದು ಸಾಕ್ಷಿ ತೋರಿಸೋಕಾಗಬೇಕು.

ಪ್ರಶ್ನೆ (ಸಹಪಾಠಿ): ಲೆಡ್ಜರು ಇಲ್ಲದ ಕಡೆ ನಮ್ಮಂಥವರು ಏನು ಮಾಡಬಹುದು?

ಉತ್ತರ: ಓಲೆಗರಿ ಹುಡುಕಿಕೊಂಡು ಹಿಂದಿನವರು ಮನೆಮನೆಗೆ ಹೋದ ಹಾಗೆ ಹೋಗಬೇಕು. ಅಗಳಿ, ರೊಳ್ಳ, ಅಮರಾಪುರ, ಶಿರಾ ಕಡೆಯ ಮನೆಗಳ ಟ್ರಂಕಿನಲ್ಲಿ ಹಳೇ ಆರ್.ಸಿ. ಪುಸ್ತಕ, ತೆರಿಗೆ ಚೀಟಿ, ಡೀಲರ್ ಬಿಲ್ಲು, ಗಾಡಿಯ ಮುಂದೆ ನಿಂತು ತೆಗೆಸಿದ ಮದು‌ವೆ ಫೋಟೋ ಇರುತ್ತವೆ. ಫೋಟೋದ ಹಿಂದೆ ಸ್ಟುಡಿಯೋದ ಮುದ್ರೆ, ತಾರೀಖು ಇದ್ದರೆ ಅದು ಪುಷ್ಪಿಕೆಗೆ ಸಮ. ಮಾಲೀಕರ ಒಪ್ಪಿಗೆ ಪಡೆದು ಅವನ್ನು ಸ್ಕ್ಯಾನ್ ಮಾಡಿ, ಗಾಡಿಯ ನಂಬರಿನ ಜೊತೆ ಸೇರಿಸಿ ಇಡುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಶುರು ಮಾಡಬಹುದು. ಗಾಡಿಗಳು ಗುಜರಿಗೆ ಹೋಗೋ ಮೊದಲು, ಇಲ್ಲಾ ‘ಒರಿಜಿನಲ್’ ಆಗೋ ಮೊದಲು ಮಾಡಬೇಕು ಅಷ್ಟೇ.